ಗಿಟಾರಿನ ನಾದವೂ ಹೊಸ ಮೈಕಿನ ಆಸೆಯೂ

ಮನೆಯ ಒಂದು ಕೋಣೆಯಲ್ಲಿ ಕುಳಿತು ಅಕೌಸ್ಟಿಕ್ ಗಿಟಾರನ್ನು ನುಡಿಸುತ್ತ, ತಮ್ಮ ವಾದನವನ್ನು ತಾವೇ ಮುದ್ರಿಸಿಕೊಂಡು ಕೇಳುವ ಅಭ್ಯಾಸವನ್ನು ಬೆಳೆಸಿಕೊಂಡವರು, ನುಡಿಸುವ ವೇಳೆಯಲ್ಲಿ ಎದೆಗೊತ್ತಿದ ಮರದ ಕಂಪನದಿಂದ ತಮ್ಮ ಅನುಭವಕ್ಕೆ ಬಂದ ಮಾಧುರ್ಯಕ್ಕೂ, ಆಮೇಲೆ ಹೆಡ್‌ಫೋನಿನ ಮೂಲಕ ತಮಗೆ ಮರಳಿ ಬಂದ ಧ್ವನಿಗೂ ನಡುವೆ ದೊಡ್ಡದೊಂದು ಅಂತರವಿರುವುದನ್ನು ಇಂದಲ್ಲ ನಾಳೆ ಕಂಡುಕೊಳ್ಳದೆ ಇರಲಾರರು. ಬೆರಳಿನ ತುದಿಯಲ್ಲಿ ಹುಟ್ಟಿದಾಗ ತುಂಬುನಾದವಾಗಿದ್ದದ್ದು ಮುದ್ರಿಕೆಯಲ್ಲಿ ತೆಳುವಾಗಿಯೋ, ಗುಮ್ಮೆನ್ನುವಂತೆಯೋ, ಡಬ್ಬದೊಳಗಿನಿಂದ ಹೊರಟಂತೆಯೋ ಕೇಳುತ್ತದೆ. ಹಾಗೆ ಕೇಳಿದೊಡನೆ ಮನಸ್ಸು ಅಂಗಡಿಯ ಕಡೆಗೆ ಹರಿಯುವುದು ಸಹಜ. ಇದಕ್ಕಿಂತ ಮೇಲಾದ ಮೈಕು, ಇದಕ್ಕಿಂತ ಮೇಲಾದ ಇಂಟರ್‌ಫೇಸು ಕೈಗೆ ಬಂದರೆ ಈ ಅಂತರ ಅಳಿಯುವುದೆಂಬ ನಂಬಿಕೆ ತಾನಾಗಿಯೇ ಮೂಡುತ್ತದೆ. ಆ ನಂಬಿಕೆ ಎಷ್ಟರಮಟ್ಟಿಗೆ ಸಾಧುವಾದುದು, ಯಾವ ಸಂದರ್ಭದಲ್ಲಿ ಸಾಧುವಾದುದು ಎಂಬುದನ್ನು ಹಣ ಕೈಬಿಡುವ ಮುನ್ನವೇ ವಿಚಾರಿಸಿ ನೋಡುವುದು ಒಳ್ಳೆಯದು.

ಒಳ್ಳೆಯ ಸಲಕರಣೆಯನ್ನು ಬಯಸುವುದು ತಪ್ಪೆಂದು ನಾನು ಹೇಳಹೊರಟಿಲ್ಲ. ನಾದವನ್ನು ಪ್ರೀತಿಸುವವರಿಗೆ ಅದನ್ನು ಹಿಡಿದಿಡುವ ಯಂತ್ರದ ಮೇಲೂ ಪ್ರೀತಿ ಹುಟ್ಟುವುದು ಸ್ವಾಭಾವಿಕವೇ ಸರಿ; ಒಳ್ಳೆಯ ವೀಣೆಗಾಗಿ ವರ್ಷಗಟ್ಟಲೆ ಕಾದು ಹಣ ಕೂಡಿಸಿದ ವೈಣಿಕರು ನಮ್ಮ ನಾಡಿನಲ್ಲಿ ಕಡಮೆಯೇನೂ ಆಗಿರಲಿಲ್ಲ. ಆದರೆ ಬಯಕೆಗೂ ಖರೀದಿಗೂ ಮಧ್ಯೆ ಒಂದು ಪ್ರಶ್ನೆ ನಿಂತಿರತಕ್ಕದ್ದು: ಈಗಿನ ಮುದ್ರಿಕೆಯಲ್ಲಿರುವ ದೋಷ ಯಾವುದು, ಅದು ಹುಟ್ಟುತ್ತಿರುವುದು ಎಲ್ಲಿ? ‘ಸೌಂಡ್ ಚೆನ್ನಾಗಿಲ್ಲ’ ಎಂದರೆ ಅದರಲ್ಲಿ ಅತೃಪ್ತಿಯ ಉದ್ಗಾರವಷ್ಟೇ ಇದೆ, ದೋಷದ ನಿರೂಪಣೆಯಿಲ್ಲ. ‘ಮೆಲ್ಲಗೆ ನುಡಿಸಿದ ಕಡೆಗಳಲ್ಲಿ ಹಿಂದೆ ಸುಯ್ ಎಂಬ ಸದ್ದು ನಿಲ್ಲದೆ ಕೇಳುತ್ತದೆ’, ‘ಐದನೆಯ ತಂತಿ ಮಿಕ್ಕ ತಂತಿಗಳಿಗಿಂತ ಮಿಗಿಲಾಗಿ ಮೊಳಗುತ್ತದೆ’, ‘ಪಿಕ್ಕು ತಂತಿಗೆ ತಾಗುವ ಟಿಕ್ ಎಂಬ ಶಬ್ದ ಸ್ವರವನ್ನೇ ಮುಚ್ಚುತ್ತದೆ’ ಎಂದು ಒಂದೊಂದೇ ವಾಕ್ಯದಲ್ಲಿ ಹೇಳಲು ಸಾಧ್ಯವಾದ ದಿನ, ಯಾವುದನ್ನು ಕೊಳ್ಳಬೇಕು, ಏನನ್ನಾದರೂ ಕೊಳ್ಳಬೇಕೆ ಎಂಬುದು ತಕ್ಕಮಟ್ಟಿಗೆ ನಿಶ್ಚಯವಾಗಿಬಿಡುತ್ತದೆ.

ಗಿಟಾರಿನ ಒಂದು ಸ್ವರ ಕೇಳುವವರ ಕಿವಿಯನ್ನು ಮುಟ್ಟುವ ಮುನ್ನ ಕ್ರಮಿಸುವ ದಾರಿ ನಾವೆಣಿಸುವುದಕ್ಕಿಂತ ಉದ್ದವಾದುದು. ಬೆರಳು ತಂತಿಯನ್ನು ಮೀಟುತ್ತದೆ. ತಂತಿಯ ಕಂಪನ ಬ್ರಿಡ್ಜಿನ ಮೂಲಕ ಮೇಲ್ಹಲಗೆಗೆ ಇಳಿದು, ಹಲಗೆಯನ್ನೂ ಒಡಲೊಳಗಿನ ಗಾಳಿಯನ್ನೂ ನಡುಗಿಸುತ್ತದೆ. ಆ ನಾದ ಕೋಣೆಯಲ್ಲಿ ಹರಡಿ, ಗೋಡೆಗೂ ನೆಲಕ್ಕೂ ಸೂರಿಗೂ ತಾಗಿ ಹಿಂದಿರುಗಿ, ನೇರವಾಗಿ ಬಂದದ್ದೂ ತಾಗಿ ಬಂದದ್ದೂ ಒಂದರೊಡನೊಂದು ಬೆರೆತು ಮೈಕಿನ ಪೊರೆಯನ್ನು ಅಲುಗಿಸುತ್ತದೆ. ವಿದ್ಯುತ್ತಿನ ಕಾರ್ಯ ಆರಂಭವಾಗುವುದು ಅಲ್ಲಿಂದ ಮುಂದಕ್ಕೆ. ಅಂಗಡಿಯಲ್ಲಿ ಮಾರಾಟಕ್ಕೆ ದೊರೆಯುವುದೆಲ್ಲ ಈ ದಾರಿಯ ಉತ್ತರಾರ್ಧಕ್ಕೆ ಸೇರಿದ ವಸ್ತುಗಳು; ಮನೆಯ ಮುದ್ರಿಕೆಗಳ ದೋಷಗಳಾದರೋ ಬಹುಪಾಲು ಪೂರ್ವಾರ್ಧದಲ್ಲಿಯೇ ಹುಟ್ಟಿಕೊಂಡಿರುತ್ತವೆ. ಕದಡಿದ ನೀರನ್ನು ಬೆಳ್ಳಿಯ ತಂಬಿಗೆಯಲ್ಲಿ ಹಿಡಿದ ಮಾತ್ರಕ್ಕೆ ಅದು ತಿಳಿಯಾಗುವುದಿಲ್ಲ.

ಇಂಟರ್‌ಫೇಸಿನ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಏಕೆಂದರೆ ಜನ ಬದಲಾಯಿಸಲು ಆತುರಪಡುವುದು ಇದನ್ನೇ, ಬದಲಾಯಿಸಿದ್ದರಿಂದ ಅತ್ಯಲ್ಪ ಫಲ ಕಾಣುವುದೂ ಇದರಿಂದಲೇ. 16 ಬಿಟ್ಟಿನ ಮುದ್ರಿಕೆ ಸುಮಾರು 96 ಡೆಸಿಬಲ್ಲುಗಳಷ್ಟು ಏರಿಳಿತವನ್ನು ಒಳಗೊಳ್ಳಬಲ್ಲದು. 24 ಬಿಟ್ಟಿನ ಲೆಕ್ಕದಲ್ಲಿ ಅದು 144ಕ್ಕೆ ಏರುತ್ತದೆಯಾದರೂ, ಯಂತ್ರದ ಒಳಗಿನ ವಿದ್ಯುತ್ ಸದ್ದಿನ ದೆಸೆಯಿಂದ, ಇಂದು ಮನೆಬಳಕೆಗೆ ದೊರೆಯುವ ಸಾಧಾರಣ ಇಂಟರ್‌ಫೇಸುಗಳು ಮುಟ್ಟುವುದು 110ರ ಆಸುಪಾಸನ್ನು. ಇದನ್ನು ಕೋಣೆಯ ವಾಸ್ತವಕ್ಕೆ ಹೋಲಿಸಿ ನೋಡಬೇಕು. ಮೆಲ್ಲಗೆ ಬೆರಳಿನಿಂದ ನುಡಿಸಿದ ಗಿಟಾರ್ ಒಂದಡಿ ದೂರದಲ್ಲಿ ಸುಮಾರು 70 ಡೆಸಿಬಲ್ಲಿನಷ್ಟು ಕೇಳುತ್ತದೆ. ನಮ್ಮ ಊರುಗಳ ಶಾಂತವಾದ ಬಡಾವಣೆಯೊಂದರಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೂ, ಕಿಟಕಿ ಮುಚ್ಚಿದ ಕೋಣೆಯ ನಿಶ್ಶಬ್ದವೆನ್ನುವುದು 30 ಡೆಸಿಬಲ್ಲಿಗಿಂತ ಕೆಳಗಿಳಿಯುವುದು ಅಪರೂಪ. ಅಂದರೆ ಸಂಗೀತಕ್ಕೂ ಹಿನ್ನೆಲೆಯ ಸದ್ದಿಗೂ ಇರುವ ವ್ಯತ್ಯಾಸ 40 ಡೆಸಿಬಲ್ಲಿನಷ್ಟಾದರೆ ಅದೇ ಹೆಚ್ಚು. 110ನ್ನು ಒಳಗೊಳ್ಳಬಲ್ಲ ಯಂತ್ರವನ್ನು ಬಿಟ್ಟು 120ನ್ನು ಒಳಗೊಳ್ಳಬಲ್ಲ ಯಂತ್ರಕ್ಕೆ ಮೂರು ಪಟ್ಟು ಹಣ ಕೊಟ್ಟವರಿಗೆ ಆ ಹೆಚ್ಚಿನ ಹತ್ತು ಡೆಸಿಬಲ್ಲು ಯಾವ ಪ್ರಯೋಜನಕ್ಕೂ ಒದಗದು. ಸ್ಯಾಂಪಲ್ ರೇಟಿನ ಮಾತೂ ಹೀಗೆಯೇ: 44.1 ಕಿಲೋಹರ್ಟ್ಸಿನ ಮುದ್ರಿಕೆ 22 ಕಿಲೋಹರ್ಟ್ಸಿನವರೆಗಿನ ಧ್ವನಿಯನ್ನು ಹಿಡಿಯುತ್ತದೆ, ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲಿಯೂ 20ರ ಆಚೆಗೆ ಕೇಳದು.

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗ ಭಾವಗೀತೆಗಳಿಗೆ ಗಿಟಾರ್ ನುಡಿಸುವ ಹುಡುಗ. ಎರಡು ಇನ್‌ಪುಟ್ಟಿನ ಒಂದು ಇಂಟರ್‌ಫೇಸನ್ನೂ ಒಂದು ಡೈನಮಿಕ್ ಮೈಕನ್ನೂ ಇಟ್ಟುಕೊಂಡು, ಮಹಡಿಯ ಕೋಣೆಯಲ್ಲಿ ಮುದ್ರಿಸಿಕೊಳ್ಳುತ್ತಾನೆ. ಒಮ್ಮೆ ನಾನು ಅಲ್ಲಿಗೆ ಹೋಗಿದ್ದಾಗ, “ಮಾವ, ಈ ಇಂಟರ್‌ಫೇಸ್ ಬದಲಾಯಿಸದೆ ಬೇರೆ ದಾರಿಯೇ ಇಲ್ಲ ಅನ್ನಿಸತ್ತೆ” ಎಂದ. “ಏನಪ್ಪ ಕೊರತೆ ಅದರಲ್ಲಿ?” ಎಂದು ಕೇಳಿದೆ. “ಒಂಥರಾ ಡಬ್ಬದೊಳಗಿಂದ ಬಂದ ಹಾಗೆ ಕೇಳತ್ತೆ ಮಾವ, ಅದರ ಮೇಲೆ ಯಾವಾಗಲೂ ಒಂದು ಗುಂಯ್ ಅನ್ನೋ ಸದ್ದು” ಎಂದ. “ಸರಿ, ಗಿಟಾರನ್ನು ಮುಟ್ಟದೆ ಒಂದು ನಿಮಿಷ ಸುಮ್ಮನೆ ರೆಕಾರ್ಡ್ ಮಾಡು, ಕೇಳೋಣ” ಎಂದೆ. ಆ ಒಂದು ನಿಮಿಷದ ಮೌನವನ್ನು ವಾಲ್ಯೂಮ್ ಏರಿಸಿ ಕೇಳಿದಾಗ ಅದರೊಳಗೆ ಏನೇನಿತ್ತೆಂಬುದನ್ನು ಕಂಡು ಹುಡುಗನಿಗೆ ಆಶ್ಚರ್ಯವಾಯಿತು: ಫ್ಯಾನಿನ ಗಾಳಿ, ಕೆಳಗಿನ ಫ್ರಿಜ್ಜಿನ ಕಂಪ್ರೆಸರ್, ಲ್ಯಾಪ್‌ಟಾಪಿನ ಒಳಗಿನ ಚಿಕ್ಕ ಫ್ಯಾನು, ಬೀದಿಯ ತುದಿಯಲ್ಲಿ ಗೇರು ಬದಲಿಸಿದ ಸ್ಕೂಟರು, ಮತ್ತು ಎಲ್ಲದರ ಅಡಿಯಲ್ಲಿ ಎಡೆಬಿಡದ ಒಂದು ಗುಂಯ್‌ಕಾರ. ಗೋಡೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಿಂದ ಫ್ಯಾನಿನ ವೇಗವನ್ನು ತಗ್ಗಿಸಿದ್ದಾಗ ಇದ್ದ ಆ ಗುಂಯ್‌ಕಾರ ಫ್ಯಾನನ್ನು ಪೂರ್ತಿ ಆರಿಸಿದಾಗ ಅರ್ಧ ಇಳಿಯಿತು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಉಳಿದರ್ಧವೂ ಹೋಯಿತು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿಯತಕ್ಕದ್ದು. ಅರ್ತಿಂಗ್ ಸರಿಯಿಲ್ಲದ ಕಡೆ ಆ 50ರ ಮತ್ತು ಅದರ ಅಪವರ್ತ್ಯಗಳ ಗುನುಗು ಕೇಬಲ್ಲಿನೊಳಗೆ ನುಸುಳುತ್ತದೆ. ಅದಕ್ಕೆ ಚಿಕಿತ್ಸೆ ಎಲೆಕ್ಟ್ರಿಷಿಯನ್ನನ ಕೈಯಲ್ಲಿದೆ.

ಡಬ್ಬದ ಧ್ವನಿಯ ಮೂಲವನ್ನು ಹುಡುಕಲು ತುಸು ಹೆಚ್ಚು ತಾಳ್ಮೆ ಬೇಕಾಯಿತು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ, ಚಪ್ಪಾಳೆ ಮುಗಿದ ಮೇಲೂ ಎರಡು ಬರಿಗೋಡೆಗಳ ನಡುವೆ ಟಿರ್ರೆಂದು ನಡುಗುವ ಪ್ರತಿಧ್ವನಿ ಕೇಳುತ್ತಿತ್ತು. ನೆಲಕ್ಕೆ ನುಣುಪಾದ ಟೈಲ್ಸು, ಗೋಡೆಗೆ ಸಿಮೆಂಟಿನ ಗಿಲಾವು, ಮೇಲೆ ಕಾಂಕ್ರೀಟಿನ ಸೂರು. ಶಬ್ದ ಹೀರುವ ವಸ್ತುವೆಂದು ಅಲ್ಲಿದ್ದದ್ದು ಒಂದು ಕಿಟಕಿಯ ಪರದೆ. ಬಳಿಕ ಆರು ತಂತಿಗಳನ್ನೂ ಒಂದೇ ಬಲದಿಂದ ಒಂದೊಂದಾಗಿ ಮೀಟಿಸಿ ಕೇಳಿದೆವು. ಐದನೆಯ ತಂತಿ, ಅಂದರೆ 110 ಹರ್ಟ್ಸಿನ ‘ಎ’ ಸ್ವರ, ತನ್ನ ನೆರೆಯವರಿಗಿಂತ ಸ್ಪಷ್ಟವಾಗಿ ಉಬ್ಬಿ, ಬೆರಳಿಟ್ಟು ತಡೆದ ಮೇಲೂ ಕೋಣೆಯಲ್ಲಿ ಉಳಿಯುತ್ತಿತ್ತು.

ಅದರ ಕಾರಣ ಗಣಿತದಷ್ಟು ನೇರವಾದುದು. ಆ ಕೋಣೆಯ ಅಗಲ 10 ಅಡಿ, ಉದ್ದ 12 ಅಡಿ, ಎತ್ತರವೂ 10 ಅಡಿ. ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಚಲಿಸುತ್ತದೆ. 10 ಅಡಿ, ಎಂದರೆ 3.05 ಮೀಟರ್, ಅಂತರದಲ್ಲಿರುವ ಎರಡು ಗಟ್ಟಿ ಗೋಡೆಗಳ ನಡುವೆ ಒಮ್ಮೆ ಹೋಗಿ ಬರುವ ದಾರಿಗೆ ಸರಿಹೊಂದುವ ಕಂಪನ ಸುಮಾರು 56 ಹರ್ಟ್ಸ್, ಅದರ ಇಮ್ಮಡಿ ಸುಮಾರು 113. ಇಂಥ ಕಂಪನಗಳಲ್ಲಿ ಕೋಣೆಯ ಗಾಳಿ ತಾನೇ ಒಂದು ವಾದ್ಯದಂತೆ ಮಿಡಿಯತೊಡಗುತ್ತದೆ. ಅಗಲವೂ ಎತ್ತರವೂ ಸಮವಾದ್ದರಿಂದ ಅಲ್ಲಿ ಎರಡು ದಿಕ್ಕುಗಳ ಮಿಡಿತ ಒಂದರ ಮೇಲೊಂದು ಬಿದ್ದಿತ್ತು. ಇದರ ಮೇಲೆ ಗಿಟಾರಿನ ಒಡಲೊಳಗಿನ ಗಾಳಿಯ ಸ್ವಂತ ಅನುರಣನವೂ ಸಾಮಾನ್ಯವಾಗಿ 100 ಹರ್ಟ್ಸಿನ ಆಸುಪಾಸಿನಲ್ಲಿಯೇ ಇರತಕ್ಕದ್ದು. ಹೀಗೆ ವಾದ್ಯ, ಅಗಲ, ಎತ್ತರ ಮೂರೂ ಒಂದೇ ಸ್ವರವನ್ನು ಎತ್ತಿ ಹಿಡಿದಾಗ ಆ ಸ್ವರ ಉಬ್ಬದೆ ಇನ್ನೇನಾದೀತು? ಹುಡುಗ ಕುರ್ಚಿಯನ್ನು ಹಾಕಿಕೊಂಡಿದ್ದದ್ದಾದರೂ ಕೋಣೆಯ ನಟ್ಟನಡುವೆ. 113 ಹರ್ಟ್ಸಿನ ಆ ಮಿಡಿತದ ಒತ್ತಡ ಗೋಡೆಗಳ ಅಂಚಿನಲ್ಲಿಯೂ ಕೋಣೆಯ ಮಧ್ಯದಲ್ಲಿಯೂ ಗರಿಷ್ಠವಾಗಿದ್ದು, ಗೋಡೆಯಿಂದ ಅಗಲದ ನಾಲ್ಕನೆಯ ಒಂದು ಭಾಗದಷ್ಟು ದೂರದಲ್ಲಿ ಕನಿಷ್ಠವಾಗುತ್ತದೆ. ಕುರ್ಚಿಯನ್ನೂ ಮೈಕನ್ನೂ ಗೋಡೆಯಿಂದ ಎರಡೂವರೆ ಅಡಿಯ ಆ ಸ್ಥಳಕ್ಕೆ ಸರಿಸಿ, ಗಿಟಾರನ್ನು ಕೋಣೆಯ ಉದ್ದದ ದಿಕ್ಕಿಗೆ ತಿರುಗಿಸಿ ನುಡಿಸಿದಾಗ ಐದನೆಯ ತಂತಿಯ ಉಬ್ಬರ ಬಹಳಮಟ್ಟಿಗೆ ಅಡಗಿತು. ಹಣದ ಮಾತು ಅಲ್ಲಿ ಬರಲೇ ಇಲ್ಲ.

ಈ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯಕ. ಮನೆಯ ಧ್ವನಿಮುದ್ರಣದ ಬಗೆಗೆ ನಮ್ಮ ಹುಡುಗರು ಓದುವುದೂ ನೋಡುವುದೂ ಬಹುಮಟ್ಟಿಗೆ ಅಮೆರಿಕದಿಂದ ಬಂದ ಸಲಹೆಗಳನ್ನು. ಅಲ್ಲಿನ ಮನೆಗಳ ಗೋಡೆಗಳು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು ಮಾಡಿದವಾದ್ದರಿಂದ, ಮಂದ್ರದ ಶಬ್ದ ತಾಗಿದಾಗ ಹಲಗೆ ತಾನೂ ಅಷ್ಟಿಷ್ಟು ಅಲುಗಿ ಅದರ ಒಂದಂಶವನ್ನು ನುಂಗಿಬಿಡುತ್ತದೆ. ನಮ್ಮ ಇಟ್ಟಿಗೆ ಕಾಂಕ್ರೀಟುಗಳು ಅಲುಗುವುದಿಲ್ಲ. ಬಂದ ಶಬ್ದವನ್ನು ಹೆಚ್ಚುಕಡಮೆ ಬಂದ ಹಾಗೆಯೇ ಹಿಂದಕ್ಕೆ ಕಳುಹಿಸುತ್ತವೆ. ಆದ್ದರಿಂದ ಅಲ್ಲಿ ತೆಳುವಾದ ಫೋಮಿನ ತುಂಡುಗಳನ್ನು ಗೋಡೆಗೆ ಅಂಟಿಸಿ ಸಮಾಧಾನಪಟ್ಟವರಿಗೆ ದೊರೆತ ಫಲ ಇಲ್ಲಿ ದೊರೆಯದು. ಫೋಮು ಹೀರುವುದು ತಾರದ ಶಬ್ದವನ್ನು. 110 ಹರ್ಟ್ಸಿನ ತರಂಗದ ಉದ್ದ ಮೂರು ಮೀಟರಿಗೂ ಮೇಲಾದ್ದರಿಂದ ಎರಡು ಅಂಗುಲದ ಫೋಮು ಅದರ ಕಣ್ಣಿಗೇ ಬೀಳುವುದಿಲ್ಲ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಹೊಡೆಯುವ ರೂಢಿಯಂತೂ ಶ್ರಮಕ್ಕೂ ಅಂದಕ್ಕೂ ಕೇಡು. ಅದಕ್ಕಿಂತ, ಹತ್ತಿ ತುಂಬಿದ ಎರಡು ಗಾದಿಗಳನ್ನು ನುಡಿಸುವವರ ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸುವುದು, ನೆಲಕ್ಕೆ ಜಮಖಾನ ಹಾಸುವುದು, ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಹೊಲಿಯುವ ದಪ್ಪ ಕೌದಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಹಗ್ಗದ ಮೇಲೆ ತೂಗುಬಿಡುವುದು, ಪುಸ್ತಕ ತುಂಬಿದ ಬೀರುವನ್ನು ಎದುರು ಗೋಡೆಗೆ ತಂದಿಡುವುದು, ಇವೆಲ್ಲ ಚಪ್ಪಾಳೆಯ ಆ ಟಿರ್ರೆಂಬ ನಡುಕವನ್ನು ಪೂರ್ತಿಯಾಗಿ ಅಡಗಿಸಬಲ್ಲವು. ಮಂದ್ರದ ಉಬ್ಬರಕ್ಕೆ ಮಾತ್ರ ಸ್ಥಳದ ಆಯ್ಕೆಯೇ ಮನೆಯಲ್ಲಿ ಸಾಧ್ಯವಾದ ಮದ್ದು.

ಮೈಕನ್ನು ಎಲ್ಲಿಡಬೇಕೆಂಬುದು ಎರಡನೆಯ ವಿಚಾರ. ಗಿಟಾರಿನ ಶಬ್ದ ಹೊರಡುವುದು ಆ ದುಂಡು ರಂಧ್ರದಿಂದಲ್ಲವೆ ಎಂದುಕೊಂಡು ಮೈಕನ್ನು ಅದರ ಎದುರಿಗೇ ನಿಲ್ಲಿಸುವವರು ಅನೇಕರು. ಆದರೆ ರಂಧ್ರದಿಂದ ಬಲವಾಗಿ ಹೊರಡುವುದು ಮೇಲೆ ಹೇಳಿದ ಒಡಲ ಗಾಳಿಯ ಅನುರಣನವಾದ್ದರಿಂದ ಅಲ್ಲಿ ಹಿಡಿದ ನಾದ ಗುಮ್ಮೆನ್ನುತ್ತದೆ. ಇಂದಿನ ಬಹುಪಾಲು ಸ್ಟೀಲ್ ತಂತಿಯ ಗಿಟಾರುಗಳಲ್ಲಿ ಕುತ್ತಿಗೆ ಒಡಲನ್ನು ಸೇರುವುದು 14ನೆಯ ಫ್ರೆಟ್ಟಿನಲ್ಲಿ. ಅದಕ್ಕೆ ತುಸು ಈಚೆಗಿನ 12ನೆಯ ಫ್ರೆಟ್ಟಿನ ಎದುರು, 20ರಿಂದ 30 ಸೆಂಟಿಮೀಟರ್ ದೂರದಲ್ಲಿ, ಮೈಕಿನ ಮುಖವನ್ನು ಸ್ವಲ್ಪವೇ ಒಡಲಿನ ಕಡೆಗೆ ತಿರುಗಿಸಿ ಇಡುವುದು ಆರಂಭಕ್ಕೆ ಭದ್ರವಾದ ಸ್ಥಾನ. ಅಲ್ಲಿ ತಂತಿಯ ಮಿನುಗೂ ಮರದ ತುಂಬೂ ತಕ್ಕ ಪ್ರಮಾಣದಲ್ಲಿ ಬೆರೆಯುತ್ತವೆ. ದೂರವನ್ನು ಅರ್ಧಕ್ಕಿಳಿಸಿದರೆ ನೇರವಾಗಿ ಬರುವ ಶಬ್ದ 6 ಡೆಸಿಬಲ್ಲಿನಷ್ಟು ಏರುತ್ತದೆ, ಗೋಡೆಗಳಿಂದ ಮರಳುವ ಶಬ್ದ ಮಾತ್ರ ಹಾಗೆಯೇ ಉಳಿಯುತ್ತದೆ. ಎಂದರೆ ಕೋಣೆ ಕೆಟ್ಟದಾದಷ್ಟೂ ಹತ್ತಿರಕ್ಕೆ ಸರಿಯುವುದು ಲಾಭ. ಆದರೆ ಒಂದೇ ದಿಕ್ಕಿಗೆ ಕಿವಿಗೊಡುವ ಕಾರ್ಡಿಯಾಯ್ಡ್ ಮೈಕುಗಳಿಗೆ ಒಂದು ಸ್ವಭಾವವಿದೆ: ಮೂಲಕ್ಕೆ ತೀರ ಸಮೀಪವಾದಂತೆಲ್ಲ ಅವು ಮಂದ್ರವನ್ನು ಉಬ್ಬಿಸಿ ಹೇಳುತ್ತವೆ. ಈ ಎರಡರ ನಡುವಣ ಸಮತೋಲವನ್ನು ಆಯಾ ಗಿಟಾರಿಗೆ, ಆಯಾ ಕೈಗೆ ತಕ್ಕಂತೆ ಕೇಳಿ ಕೇಳಿಯೇ ಕಂಡುಕೊಳ್ಳಬೇಕು. ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ನಿಧಾನವಾಗಿ ಸರಿಸುತ್ತ, ಇನ್ನೊಬ್ಬರು ಒಂದೇ ಪಲುಕನ್ನು ಮತ್ತೆ ಮತ್ತೆ ನುಡಿಸುತ್ತ ಕಳೆದ ಅರ್ಧ ಗಂಟೆಯಿಂದ ದೊರೆಯುವ ಶಿಕ್ಷಣಕ್ಕೆ ಸಮನಾದದ್ದು ಈ ವಿದ್ಯೆಯಲ್ಲಿ ನನಗೆ ಬೇರೆ ಕಂಡಿಲ್ಲ. ತಂತಿಗಳ ಮಾತನ್ನೂ ಇಲ್ಲಿಯೇ ಸೇರಿಸಬೇಕು: ಬೆವರಿನಿಂದ ಮಾಸಿ ತುಕ್ಕು ಹಿಡಿದ ತಂತಿಯಲ್ಲಿ ಮೇಲಿನ ಉಪಸ್ವರಗಳು ಸತ್ತಿರುತ್ತವೆ, ಸತ್ತದ್ದನ್ನು ಎಷ್ಟು ಬೆಲೆಯ ಮೈಕೂ ಎಬ್ಬಿಸಲಾರದು.

ಸಲಕರಣೆಯ ಪಾಲು ಎಷ್ಟು, ಉಳಿದುದರ ಪಾಲು ಎಷ್ಟು ಎಂಬುದನ್ನು ತೂಗಿ ನೋಡಬಯಸುವವರು ಎರಡು ಮುದ್ರಿಕೆಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಬೇಕು. ಮೊದಲನೆಯದು ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕ’. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ಕಿನ ಬಾಡಿಗೆ ಮನೆಯೊಂದರಲ್ಲಿ, ಸಾಧಾರಣ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕುಗಳನ್ನು ಮುದ್ರಿಸುವ ಟಿಯಾಕ್ ಸಂಸ್ಥೆಯ ಪೋರ್ಟಾಸ್ಟುಡಿಯೊ ಎಂಬ ಯಂತ್ರವನ್ನೂ, ಎರಡು ಶೂರ್ ಎಸ್‌ಎಂ57 ಡೈನಮಿಕ್ ಮೈಕುಗಳನ್ನೂ ಇಟ್ಟುಕೊಂಡು, ಗಿಟಾರ್ ಮತ್ತು ಹಾರ್ಮೋನಿಕಗಳೊಡನೆ ಅವರು ಹಾಡಿದ್ದು ವಾದ್ಯವೃಂದದ ಸಂಗಡಿಗರಿಗೆ ಹಾಡುಗಳನ್ನು ಪರಿಚಯಿಸುವುದಕ್ಕಾಗಿ ಮಾತ್ರ. ಬಳಿಕ ನ್ಯೂಯಾರ್ಕಿನ ಸುಸಜ್ಜಿತ ಸ್ಟುಡಿಯೊದಲ್ಲಿ ಅದೇ ಹಾಡುಗಳನ್ನು ಪೂರ್ಣ ವೃಂದದೊಡನೆ ಮುದ್ರಿಸಲು ಯತ್ನಿಸಿದರೂ ಮೊದಲಿನ ಆ ಏಕಾಂತದ ತೀವ್ರತೆ ಅಲ್ಲಿ ದೊರೆಯದೆ ಹೋದದ್ದರಿಂದ, ಕೊನೆಗೆ ಆ ಕ್ಯಾಸೆಟ್ಟೇ ಅದೇ ವರ್ಷ ರೆಕಾರ್ಡಾಗಿ ಹೊರಬಂದಿತು. ಅದರಲ್ಲಿ ಟೇಪಿನ ಸುಯ್ಲು ಕೇಳುತ್ತದೆ, ನಾದದ ಅಂಚು ಮೊಂಡಾಗಿದೆ, ಇದನ್ನು ಮರೆಮಾಚಬೇಕಾಗಿಲ್ಲ. ಆದರೂ ಆ ಗಿಟಾರು ಆ ಹಾಡುಗಳ ಕತೆಗಳಿಗೆ ಎಷ್ಟು ಬೇಕೋ ಅಷ್ಟನ್ನು ಹೇಳುತ್ತದೆ.

ಎರಡನೆಯದು ನಮ್ಮ ವಿಶ್ವಮೋಹನ ಭಟ್ಟರೂ ಅಮೆರಿಕದ ರೈ ಕೂಡರೂ ಕೂಡಿ ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’. 1992ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರದ ಒಂದು ಚಾಪೆಲಿನಲ್ಲಿ, ವಾಟರ್ ಲಿಲಿ ಅಕೌಸ್ಟಿಕ್ಸ್ ಸಂಸ್ಥೆಯ, ಕವಿ ಅಲೆಕ್ಸಾಂಡರ್ ಎಂಬ ಹೆಸರಿನವರು ಅದನ್ನು ಮುದ್ರಿಸಿದರು. ಹಿಡಿದದ್ದು ಒಂದೇ ಜೋಡಿ ಮೈಕುಗಳಿಂದ. ಆ ಜೋಡಿಯನ್ನು ಒಂದೇ ಬಿಂದುವಿನಲ್ಲಿ ಅಡ್ಡಡ್ಡಲಾಗಿ ನಿಲ್ಲಿಸುವ ಕ್ರಮ ಇಂಗ್ಲೆಂಡಿನ ಆಲನ್ ಬ್ಲೂಮ್‌ಲೈನ್ 1931ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ವಿಧಾನಕ್ಕೆ ಸೇರಿದ್ದು. ಮೈಕುಗಳೂ ಟೇಪ್ ಯಂತ್ರವೂ ವಿಶೇಷವಾಗಿ ಸಿದ್ಧಪಡಿಸಿದವು, ಮನೆಯವರ ಕೈಗೆ ಎಟುಕುವಂಥವಲ್ಲ. ಆದರೆ ಅದನ್ನು ಕೇಳುವಾಗ ನನ್ನ ಗಮನ ಸೆಳೆಯುವುದು ಬೇರೊಂದು: ಭಟ್ಟರ ಮೋಹನವೀಣೆಯ ತರಫಿನ ತಂತಿಗಳ ಝೇಂಕಾರ ಆ ಚಾಪೆಲಿನ ಗಾಳಿಯಲ್ಲಿ ಹೇಗೆ ಅರಳುತ್ತದೆ, ಎಷ್ಟು ಹೊತ್ತು ನಿಂತು ಕರಗುತ್ತದೆ ಎಂಬುದು. ಕೆಲವೇ ಮೈಕುಗಳನ್ನು ದೂರದಲ್ಲಿಟ್ಟು ಮುದ್ರಿಸುವ ಧೈರ್ಯ ಅವರಿಗೆ ಬಂದದ್ದು ಆ ಸ್ಥಳ ಅಷ್ಟು ಸೊಗಸಾಗಿದ್ದದ್ದರಿಂದ. ಅದೇ ಮೈಕುಗಳನ್ನು ಅಷ್ಟೇ ದೂರದಲ್ಲಿ ನಮ್ಮ ಮೈಸೂರಿನ ಮಹಡಿಯ ಕೋಣೆಗೆ ತಂದಿಟ್ಟಿದ್ದರೆ, 113 ಹರ್ಟ್ಸಿನ ಉಬ್ಬರವನ್ನೂ ಗೋಡೆಯ ನಡುಕವನ್ನೂ ಅವು ಇನ್ನಷ್ಟು ಪ್ರಾಮಾಣಿಕವಾಗಿ ವರದಿ ಮಾಡುತ್ತಿದ್ದವು.

ಇಷ್ಟನ್ನೆಲ್ಲ ಸರಿಪಡಿಸಿದ ಮೇಲೆಯೂ ಉಳಿಯುವ ದೋಷವುಂಟು. ಹೊಸ ಸಲಕರಣೆಯ ಅರ್ಹತೆ ಅಲ್ಲಿಂದ ಮೊದಲಾಗುತ್ತದೆ. ಅಕ್ಕನ ಮಗನ ಸಂಗತಿಯಲ್ಲಿಯೂ ಹಾಗೆಯೇ ಆಯಿತು: ಫ್ಯಾನು ಆರಿತು, ಕುರ್ಚಿ ಸರಿಯಿತು, ಗಾದಿ ನಿಂತಿತು, ತಂತಿ ಹೊಸದಾಯಿತು, ಹಾಡಿನ ಹಿಂದೆ ತಾಳಕ್ಕೆ ನುಡಿಸುವ ಗಿಟಾರಿಗೆ ಯಾವ ಕೊರತೆಯೂ ಉಳಿಯಲಿಲ್ಲ. ಆದರೆ ಬೆರಳಿನಿಂದ ಒಂಟಿಯಾಗಿ ಮೆಲ್ಲಗೆ ನುಡಿಸುವ ಅವನ ಆಲಾಪದಲ್ಲಿ ಸುಯ್ ಎಂಬ ತೆಳುವಾದ ಸದ್ದು ಮಾತ್ರ ಹೋಗಲಿಲ್ಲ. ಆ ಸದ್ದು ಕೋಣೆಯದೋ ಯಂತ್ರದ್ದೋ ಎಂದು ತಿಳಿಯುವ ಉಪಾಯ ಸುಲಭವಾಗಿದೆ: ಗೇನನ್ನು ಇದ್ದಲ್ಲೇ ಬಿಟ್ಟು, ಮೈಕನ್ನು ಎರಡು ಮೂರು ದಪ್ಪ ರಗ್ಗುಗಳಲ್ಲಿ ಸುತ್ತಿ ಬಟ್ಟೆಯ ಬೀರುವಿನೊಳಗಿಟ್ಟು ಬಾಗಿಲು ಹಾಕಿ ಮುದ್ರಿಸಬೇಕು, ಸದ್ದು ಅಡಗಿದರೆ ಅದು ಕೋಣೆಯದು, ಹಾಗೆಯೇ ಉಳಿದರೆ ಯಂತ್ರದ್ದು. ಅವನದು ಉಳಿಯಿತು. ಡೈನಮಿಕ್ ಮೈಕೊಂದು, ಶಬ್ದದ ಒತ್ತಡ ಒಂದು ಪ್ಯಾಸ್ಕಲ್ ಇದ್ದಾಗ, ಎರಡು ಮಿಲಿವೋಲ್ಟಿಗಿಂತಲೂ ಕಡಮೆಯ ವಿದ್ಯುತ್ತನ್ನು ಕೊಡುತ್ತದೆ. ಕಂಡೆನ್ಸರ್ ಮೈಕುಗಳು ಅದೇ ಒತ್ತಡಕ್ಕೆ ಹತ್ತರಿಂದ ಇಪ್ಪತ್ತೈದು ಮಿಲಿವೋಲ್ಟುಗಳನ್ನು ಕೊಡುತ್ತವೆ. ಆದ್ದರಿಂದ ಮೆಲುದನಿಯ ವಾದನಕ್ಕೆ ಡೈನಮಿಕ್ ಮೈಕನ್ನಿಟ್ಟಾಗ ಇಂಟರ್‌ಫೇಸಿನ ಗೇನನ್ನು ಕೊನೆಯವರೆಗೆ ತಿರುಗಿಸಬೇಕಾಗಿ ಬಂದು, ಪ್ರೀಆಂಪಿನ ಒಳಗಿನ ಸದ್ದು ಮೇಲೆದ್ದು ಕಾಣಿಸಿಕೊಳ್ಳುತ್ತದೆ. ಇದು ಹೆಸರಿಟ್ಟು ಹೇಳಬಹುದಾದ ದೋಷ, ಮತ್ತು ಕಂಡೆನ್ಸರ್ ಮೈಕು ಅದಕ್ಕೆ ಸರಿಯಾದ ಮದ್ದು. ಅವನ ಇಂಟರ್‌ಫೇಸಿನಲ್ಲಿ ಅಂಥ ಮೈಕಿಗೆ ಬೇಕಾದ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತಿನ ಸೌಲಭ್ಯ ಮೊದಲೇ ಇತ್ತು, ಬದಲಾಗಬೇಕಾದದ್ದು ಮೈಕೊಂದೇ.

ಯಾವ ಮೈಕು ಎಂಬುದನ್ನು ಅಂಗಡಿಯ ಗದ್ದಲದಲ್ಲಿ ತೀರ್ಮಾನಿಸಲಾಗದು. ಬೆಂಗಳೂರಿನಲ್ಲಿ ಗಂಟೆಯ ಲೆಕ್ಕದಲ್ಲಿ ದೊರೆಯುವ ಚಿಕ್ಕ ಸ್ಟುಡಿಯೊಗಳಿಗೆ ತಮ್ಮ ಗಿಟಾರಿನೊಡನೆ ಹೋಗಿ ಅಲ್ಲಿರುವ ಎರಡು ಮೂರು ಮೈಕುಗಳಲ್ಲಿ ಒಂದೇ ತುಣುಕನ್ನು ಮುದ್ರಿಸಿ ತರುವುದು, ಅಥವಾ ಸ್ನೇಹಿತರಿಂದ ಎರಡು ದಿನಕ್ಕೆ ಎರವಲು ತಂದು ತಮ್ಮ ಕೋಣೆಯಲ್ಲಿಯೇ ಪರೀಕ್ಷಿಸುವುದು ಮೇಲು. ಎರಡನೆಯದೇ ಹೆಚ್ಚು ಮೇಲು, ಕೋಣೆ ತಮ್ಮದೇ ಆಗಿರುವುದರಿಂದ. ಹೋಲಿಸುವಾಗ ಮಾತ್ರ ಎರಡು ಮುದ್ರಿಕೆಗಳ ಗಟ್ಟಿತನವನ್ನು ಕಟ್ಟುನಿಟ್ಟಾಗಿ ಸಮಗೊಳಿಸಿಕೊಳ್ಳಬೇಕು. ಧ್ವನಿ ಗಟ್ಟಿಯಾದಂತೆಲ್ಲ ನಮ್ಮ ಕಿವಿಗೆ ಮಂದ್ರವೂ ತಾರವೂ ಹೆಚ್ಚು ತುಂಬಿದಂತೆ ಕೇಳುತ್ತವೆಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಷ್ಟು ಹಿಂದೆಯೇ ಅಳತೆ ಮಾಡಿ ತೋರಿಸಿದರು. ಹೆಚ್ಚು ವಿದ್ಯುತ್ ಕೊಡುವ ಮೈಕು ಆ ಕಾರಣದಿಂದಲೇ ಹೆಚ್ಚು ಒಳ್ಳೆಯದಾಗಿ ತೋರುವ ಭ್ರಾಂತಿಗೆ ನುರಿತ ಕಿವಿಗಳೂ ಒಳಗಾಗುತ್ತವೆ. ಸಮಗೊಳಿಸಿದ ಬಳಿಕ, ಯಾವುದು ಯಾವುದೆಂದು ತಿಳಿಯದಂತೆ ಮನೆಯವರಿಂದ ಫೈಲುಗಳ ಹೆಸರನ್ನು ಬದಲಾಯಿಸಿಕೊಂಡು, ಮರುದಿನ ಬೆಳಿಗ್ಗೆ ದಣಿಯದ ಕಿವಿಯಿಂದ ಕೇಳಬೇಕು. ವ್ಯತ್ಯಾಸ ಗೊತ್ತಾಗಲಿಲ್ಲವೆಂದರೆ ಹಣ ಜೇಬಿನಲ್ಲಿಯೇ ಇರಲಿ.

ಕೇಳುವುದಕ್ಕೆ ತಕ್ಕ ಸಾಧನವಿಲ್ಲದವರಿಗೆ ಈ ಪರೀಕ್ಷೆಯೇ ಅಸಾಧ್ಯವೆಂಬುದು ನಿಜ. ಆದ್ದರಿಂದ ಯಾರಾದರೂ ಒಂದೇ ಒಂದು ವಸ್ತುವನ್ನು ಮೊದಲು ಬದಲಾಯಿಸುವುದಾದರೆ ಅದು ಹೆಡ್‌ಫೋನಾಗಲಿ ಎಂದು ನಾನು ಹೇಳುತ್ತೇನೆ. ಫೋನಿನೊಡನೆ ಬಂದ ಇಯರ್‌ಫೋನಿನಲ್ಲಿ ಕೇಳಿ ಗಿಟಾರಿನ ಮಂದ್ರವನ್ನು ತೀರ್ಮಾನಿಸುವವರು ಇಲ್ಲದ ದೋಷವನ್ನು ತಿದ್ದುತ್ತ ಇರುವ ದೋಷವನ್ನು ಬಿಟ್ಟುಬಿಡುತ್ತಾರೆ. ಇಂಟರ್‌ಫೇಸನ್ನು ಬದಲಿಸಲು ನ್ಯಾಯವಾದ ಕಾರಣಗಳೂ ಇಲ್ಲದಿಲ್ಲ: ಹೊಸ ಕಂಪ್ಯೂಟರಿಗೆ ಅದರ ಡ್ರೈವರ್ ಸಿಗದಿರುವುದು, ಮೀಟಿದ ಸ್ವರ ಹೆಡ್‌ಫೋನಿಗೆ ತಡವಾಗಿ ಬಂದು ತಾಳ ತಪ್ಪಿಸುವುದು, ಫ್ಯಾಂಟಮ್ ವಿದ್ಯುತ್ತೇ ಇಲ್ಲದಿರುವುದು, ತಬಲದವರನ್ನೂ ಹಾಡುವವರನ್ನೂ ಒಟ್ಟಿಗೆ ಮುದ್ರಿಸಬೇಕಾಗಿ ಬಂದು ಎರಡು ಇನ್‌ಪುಟ್ಟುಗಳು ಸಾಲದಿರುವುದು. ಗಿಟಾರಿನೊಳಗಿನ ಪಿಯೆಜೊ ಪಿಕಪ್ಪನ್ನೇ ನೇರವಾಗಿ ಕೇಬಲ್ಲಿನಿಂದ ಮುದ್ರಿಸಿಕೊಂಡು ‘ಪ್ಲಾಸ್ಟಿಕ್ಕಿನ ಹಾಗೆ ಕೇಳುತ್ತದೆ’ ಎಂದು ಕೊರಗುವವರಿಗೆ ಎಂಥ ಮೈಕಾದರೂ ಒಂದು ಮೇಲ್ಮೆಟ್ಟಿಲೇ; ಸ್ಯಾಡಲ್ಲಿನ ಕೆಳಗೆ ಕುಳಿತ ಪಿಯೆಜೊ ಅಲ್ಲಿನ ಒತ್ತಡವನ್ನು ಮಾತ್ರ ಬಲ್ಲುದು, ಮರದಿಂದ ಗಾಳಿಗೆ ಹೊರಟ ನಾದವನ್ನು ಅದು ಅರಿಯದು. ಒಂಟಿ ಗಿಟಾರಿನ ಪೂರ್ಣ ಕೃತಿಯನ್ನು ಮುದ್ರಿಸುವವರಿಗೆ ಒಂದು ದುಬಾರಿ ಮೈಕಿಗಿಂತ ಮಧ್ಯಮ ಬೆಲೆಯ ಒಂದೇ ಜಾತಿಯ ಎರಡು ಮೈಕುಗಳು ಹೆಚ್ಚು ಉಪಯುಕ್ತವಾಗಬಹುದು. ಹಾಡಿಗೆ ಜೊತೆಯಾಗಿ ನುಡಿಸುವವರಿಗೆ ಒಂದೇ ಸಾಕು.

ಕರಾವಳಿಯವರಿಗೆ ಮತ್ತು ಮಲೆನಾಡಿನವರಿಗೆ ಇನ್ನೊಂದು ಮಾತನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಕಂಡೆನ್ಸರ್ ಮೈಕಿನ ಪೊರೆಗೂ ಅದರ ಹಿಂದಣ ಫಲಕಕ್ಕೂ ಇರುವ ಅಂತರ ಒಂದು ಕೂದಲೆಳೆಯಷ್ಟೇ. ಆಷಾಢ ಶ್ರಾವಣಗಳ ತೇವ ಅಲ್ಲಿ ಸೇರಿದರೆ ಮೈಕು ಚಿಟಚಿಟನೆ ಸಿಡಿಯತೊಡಗುತ್ತದೆ. ಮಂಗಳೂರಿನಲ್ಲಿಯೋ ತೀರ್ಥಹಳ್ಳಿಯಲ್ಲಿಯೋ ಅದನ್ನು ಸ್ಟ್ಯಾಂಡಿನ ಮೇಲೆ ತಿಂಗಳುಗಟ್ಟಲೆ ಬಿಟ್ಟಿರಲಾಗದು; ಬಳಸಿದ ಮೇಲೆ ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಡಬೇಕು, ಜೆಲ್ಲು ತೇವ ಹೀರಿ ಸೋತಾಗ ಅದನ್ನು ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಗಿಟಾರಿನ ಮರಕ್ಕೂ 45ರಿಂದ 55 ಪ್ರತಿಶತ ತೇವಾಂಶವೇ ಹಿತವಾದ್ದರಿಂದ, ಮಳೆಗಾಲದಲ್ಲಿ ಅದರ ಪೆಟ್ಟಿಗೆಯೊಳಗೂ ಅಂಥದೇ ಒಂದು ಪೊಟ್ಟಣ ಬೇಕಾಗುತ್ತದೆ. ಇಷ್ಟು ಆರೈಕೆ ತಮ್ಮಿಂದಾಗದೆನ್ನುವವರು ಕಂಡೆನ್ಸರನ್ನು ಕೊಂಡರೂ ಹಳೆಯ ಡೈನಮಿಕ್ ಮೈಕನ್ನು ಮಾರದೆ ಇಟ್ಟುಕೊಳ್ಳಲಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಗಟ್ಟಿಯಾಗಿ ಪಿಕ್ಕಿನಿಂದ ನುಡಿಸುವ ಹಾಡುಗಳಿಗೆ, ಅದೇ ಸಾಕಾಗುತ್ತದೆ.